ಹಿಂಬಾಗಿಲಿನ ಕೀಲಿ

ನನ್ನ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ಇಟ್ಟ ಒಂದು ದೊಡ್ಡ ಕಬ್ಬಿಣದ ಕೀಲಿ ಇದೆ. ನಿಮ್ಮಲ್ಲಿ ಅನೇಕರು ಇದನ್ನು ಬೀಗ ಎನ್ನುತ್ತೀರಿ. ನಮ್ಮ ಕಡೆ ಇದು ಕೀಲಿ. ಇದನ್ನು ತೆಗೆಯುವುದು ಕೀಲಿಕೈ. ಈ ಕೀಲಿಯ ಕೀಲಿಕೈ ನನ್ನ ಹತ್ತಿರ ಇಲ್ಲ. ಇದೇ ಆಸ್ಪತ್ರೆಯಲ್ಲಿ ಇನ್ನೊಬ್ಬರ ಹತ್ತಿರ ಇದೆ. ಅವರು ಕೊಡುವುದೂ ಇಲ್ಲ, ನಾನು ಕೇಳುವುದೂ ಇಲ್ಲ. ನನ್ನ ಎದುರು ಕುರ್ಚಿಯಲ್ಲಿ ಕುಳಿತವರು ಮಾತಾಡುತ್ತಾ ಮಾತಾಡುತ್ತಾ ಇದನ್ನು ಎತ್ತಿ, ಅಂಗೈಯಲ್ಲಿ ತೂಗಿ, "ಇದೇನ್ರಿ ಸಿಸ್ಟರ್, ಬಾಣಂತಿಯರನ್ನ ಕೀಲಿ ಹಾಕಿ ಇಡ್ತೀರೇನು?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಹೇಳಲು ಹೊರಟರೆ ಸಾಂಗ್ಲಿವಾಡಿಯಿಂದ ಸುರು ಮಾಡಬೇಕಾಗುತ್ತದೆ, ಮತ್ತು ಹೊರಗೆ ಯಾರಿಗೋ ಬೇನೆ ಎದ್ದಿರುತ್ತದೆ. ನಿಮಗೆ ಪುರುಸೊತ್ತು ಇದ್ದರೆ ಹೇಳುತ್ತೇನೆ.

ಸಾಂಗ್ಲಿಯ ಪೇಟೆಯ ಮನೆತನಗಳಲ್ಲಿ ಹುಟ್ಟಿದವರಿಗೆ ಕೀಲಿಯ ಮೇಲೆ ಒಂದು ಬಗೆಯ ಭಕ್ತಿ ಇರುತ್ತದೆ. ನಮ್ಮ ಅಜ್ಜ, ನನ್ನ ತಾಯಿಯ ತಂದೆ, ಅರಿಸಿನದ ಅಡತಿ ವ್ಯಾಪಾರಿ. ಮನೆ ಹೊಳೆಯಾಚೆ ಸಾಂಗ್ಲಿವಾಡಿಯಲ್ಲಿ, ಅಂಗಡಿ ಈಚೆ ಸಾಂಗ್ಲಿಯಲ್ಲಿ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಸೈಕಲ್ ಹತ್ತಿ ಸೇತುವೆ ದಾಟುತ್ತಿದ್ದ. ಅಂಗಡಿ, ಗೋದಾಮು, ಕಪಾಟು, ಟ್ರಂಕು, ಎಲ್ಲದರ ಕೀಲಿಕೈಗಳೂ ಅವನ ಉಡದಾರಕ್ಕೆ ಕಟ್ಟಿರುತ್ತಿದ್ದವು. ಅವನು ಸ್ನಾನ ಮಾಡಿದರೆ ಅವಕ್ಕೂ ಸ್ನಾನ, ಅವನು ಮಲಗಿದರೆ ಅವಕ್ಕೂ ನಿದ್ದೆ. ಬೆರಳಿಗೆ ಹತ್ತಿದ ಅರಿಸಿನ ಕೀಲಿಕೈಗಳಿಗೂ ಹತ್ತಿ ಅವೆಲ್ಲ ಹಳದಿಯಾಗಿದ್ದವು. ಆಯಿ, ಅಂದರೆ ನಮ್ಮ ಅಜ್ಜಿ, ಅಜ್ಜನಿಗೆ ಕೇಳುವಂತೆಯೇ ಓಣಿಯ ಹೆಂಗಸರ ಮುಂದೆ ಅನ್ನುತ್ತಿದ್ದಳು: "ಕಳ್ಳರು ಬಂದ್ರ ನಮ್ಮ ಮನ್ಯಾಗ ಪೆಟಗಿ ಒಯ್ಯಂಗಿಲ್ಲ ನೋಡ್ರಿ, ಇವರನ್ನ ಎತಗೊಂಡು ಹೋಗ್ತಾರ."

ಅಂಥ ಮನೆಯಲ್ಲಿಯೂ ಎಲ್ಲ ಕೀಲಿಗಳನ್ನು ತೆಗೆಯುವ ಒಂದು ಹೊತ್ತು ಬರುತ್ತಿತ್ತು. ಮನೆಯ ಹೆಣ್ಣುಮಗಳಿಗೆ ಹೆರಿಗೆ ಬೇನೆ ಸುರುವಾದ ಹೊತ್ತು. ನಮ್ಮ ಭಾಗದಲ್ಲಿ, ಕನ್ನಡದವರಿರಲಿ ಮರಾಠಿಯವರಿರಲಿ, ಇದು ಎಲ್ಲರೂ ಬಲ್ಲ ಪದ್ಧತಿ. ಹಡೆಯುವವಳು ಒಳಗೆ ಒದ್ದಾಡುತ್ತಿರುವಾಗ ಮನೆಯಲ್ಲಿ ಏನೂ ಮುಚ್ಚಿರಬಾರದು, ಏನೂ ಬಿಗಿದಿರಬಾರದು. ಕೀಲಿ ತೆಗೆಯಬೇಕು, ಡಬ್ಬಿಗಳ ಮುಚ್ಚಳ ಸರಿಸಬೇಕು, ಗಂಟು ಬಿಚ್ಚಬೇಕು, ಹೆಂಗಸರು ಹೆರಳು ಸಡಿಲಿಸಬೇಕು. ಮನೆಯಲ್ಲಿ ಒಂದು ಗಂಟು ಉಳಿದರೆ ಅವಳ ದಾರಿಯೂ ಕಟ್ಟುತ್ತದೆ ಎಂದು ನಂಬಿಕೆ. ನಂಬಿಕೆ ಎಂದರೆ ನಂಬಿಕೆ. ಆದರೆ ಒಂದು ಮಾತು ಹೇಳುತ್ತೇನೆ. ಒಳಗೆ ಹೋಗಲು ಬಿಡದ ಗಂಡಸರಿಗೆ, ಮಕ್ಕಳಿಗೆ, ಮುದುಕರಿಗೆ, ಕೈಯಿಂದ ಮಾಡಲು ಒಂದು ಕೆಲಸವಾದರೂ ಸಿಗುತ್ತಿತ್ತು.

ಸರೋಜಾ ಮಾವಶಿ, ನಮ್ಮ ತಾಯಿಯ ತಂಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ನಾನು ಇನ್ನೂ ಪಾಟಿ ಹಿಡಿದು ಶಾಲೆಗೆ ಹೋಗುವ ಹುಡುಗಿ. ನಮ್ಮ ಮನೆ ಅದೇ ಓಣಿಯಲ್ಲಿದ್ದರೂ ನಾನು ಬೆಳೆದದ್ದು ಅಜ್ಜನ ಮನೆಯಲ್ಲಿಯೇ. ಒಂದು ದಿನ ಅಜ್ಜ ಅಂಗಡಿಗೆ ಹೋದ ಮೇಲೆ ಮಾವಶಿಗೆ ಬೇನೆ ಸುರುವಾಯಿತು. ಸೂಲಗಿತ್ತಿ ಗಂಗವ್ವ ಬಂದಳು. ನಮ್ಮ ಓಣಿಯ ಮಕ್ಕಳೆಲ್ಲ ಭೂಮಿಗೆ ಬಂದದ್ದು ಅವಳ ಕೈಯಿಂದ, ನಾನೂ ಸೇರಿ. ಅವಳು ಒಳಗೆ ಹೋದಳು, ಆಯಿ ಹಿಂದಿನಿಂದ ನನಗೆ ಕೂಗಿ ಹೇಳಿದಳು: "ಎಲ್ಲಾ ತಗಿ, ಏನೂ ಮುಚ್ಚಿ ಇಡಬ್ಯಾಡ!"

ಅಷ್ಟು ದೊಡ್ಡ ಅಧಿಕಾರ ನನಗೆ ಮತ್ತೆಂದೂ ಸಿಕ್ಕಿಲ್ಲ. ಹಿಟ್ಟಿನ ಡಬ್ಬಿ, ಮಸಾಲೆ ಡಬ್ಬಿ, ಉಪ್ಪಿನಕಾಯಿ ಭರಣಿ, ದೇವರ ಗೂಡು, ಎಲ್ಲ ತೆಗೆದೆ. ಮಾಮಾನ ಛತ್ರಿ ಬಿಚ್ಚಿ ಅಂಗಳದಲ್ಲಿ ಇಟ್ಟೆ. ಆಕಳ ಹಗ್ಗ ಬಿಚ್ಚಿದೆ. ಅದು ನೆಟ್ಟಗೆ ಬಾಜೂದವರ ಕಬ್ಬಿಗೆ ಹೋಯಿತು. ಬೆಲ್ಲದ ಡಬ್ಬಿಗೆ ಇರುವೆ ಮುತ್ತಿದವು. ಪಕ್ಕದ ಮನೆಯ ಕಾಕೂ ಬಂದು ನಿಂತಾಗ ಕೇಳದೆಯೇ ಹಿಂದಿನಿಂದ ಹೋಗಿ ಆಕೆಯ ತುರುಬು ಬಿಚ್ಚಿದೆ. ಮಾವಶಿ ಒಳಗೆ ಚೀರಿದಾಗಲೆಲ್ಲ ನಾನು ಇನ್ನೊಂದು ಮುಚ್ಚಳ ಹುಡುಕುತ್ತಿದ್ದೆ. ಕೊನೆಗೆ ಉಳಿದದ್ದು ನಡುಮನೆಯ ಹಸಿರು ಟ್ರಂಕು ಒಂದೇ. ಅದಕ್ಕೆ ಕೀಲಿ ಹಾಕಿತ್ತು. ಕೀಲಿಕೈ ಅಜ್ಜನ ಉಡದಾರದಲ್ಲಿ, ಅಜ್ಜ ಹೊಳೆಯಾಚೆ ಪೇಟೆಯಲ್ಲಿ. ಆಯಿ ಮಾಮಾನನ್ನು ಸೈಕಲ್ ಮೇಲೆ ಓಡಿಸಿದಳು.

ಮಾಮಾ ಸೇತುವೆ ದಾಟುವಷ್ಟರಲ್ಲಿ ಕೂಸು ಹುಟ್ಟಿ ಅತ್ತಿತು. ಹೆಣ್ಣು. ಓಣಿಯ ಹೆಂಗಸರು ನಕ್ಕರು, ಆಯಿ ಸಕ್ಕರೆ ತರಲು ಒಳಗೆ ಹೋದಳು. ಆಮೇಲೆ ಒಳಗಿನಿಂದ ಗಂಗವ್ವನ ದನಿ ಬೇರೆ ಬಗೆಯಾಗಿ ಕೇಳಿತು. ಬಟ್ಟೆ ತಾ ಅಂದಳು. ಇನ್ನೂ ತಾ ಅಂದಳು. ರಕ್ತ ನಿಲ್ಲಲಿಲ್ಲ. ಗಂಗವ್ವ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು, ಗೊತ್ತಿದ್ದುದು ಮುಗಿದ ಮೇಲೆ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಕೈ ಮುಂದೆ ಚಾಚಿಕೊಂಡು, ಆ ಕಡೆ ಈ ಕಡೆ ನೋಡಿದಳು. ಯಾರನ್ನು ಕರೆಯಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಆ ಮುಖ ನನಗೆ ಇಂದಿಗೂ ನೆನಪಿದೆ. ಯಾರೋ ಅರಿಸಿನದ ಚೀಲ ಸಾಗಿಸುವ ಟೆಂಪೊ ತಂದರು. ನಮ್ಮೂರ ಪಕ್ಕದ ಮಿರಜಿಗೆ ಕರ್ನಾಟಕದ ದೂರದ ಊರುಗಳಿಂದ ರೋಗಿಗಳು ರೈಲು ಹತ್ತಿ ಬರುತ್ತಾರೆ. ಡಾಕ್ಟರರ ಊರು ಅದು. ನಮ್ಮ ಮಾವಶಿ ಅಲ್ಲಿಗೆ ಮುಟ್ಟಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ ಇರಬೇಕು.

ಅಜ್ಜ ಮನೆಗೆ ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಉಡದಾರದಿಂದ ಕೀಲಿಕೈ ಹರಿದು ತೆಗೆದು, ನೆಟ್ಟಗೆ ನಡುಮನೆಗೆ ಹೋಗಿ, ಟ್ರಂಕಿನ ಕೀಲಿ ತೆಗೆದು, ಮುಚ್ಚಳ ಎತ್ತಿ ಅದರ ಪಕ್ಕದಲ್ಲಿ ಕುಳಿತ. ಒಳಗೆ ಮಾವಶಿಯ ಮದುವೆಯ ಇಳಕಲ್ ಸೀರೆಗಳಿದ್ದವು. ಅಂದಿನಿಂದ ಅವನು ಮನೆಯಲ್ಲಿ ಯಾವುದಕ್ಕೂ ಕೀಲಿ ಹಾಕಲಿಲ್ಲ. ಅಂಗಡಿಯನ್ನೂ ಹಾಗೆಯೇ ಬಿಟ್ಟು ಬರುತ್ತಿದ್ದ. ಪಕ್ಕದ ಅಂಗಡಿಯ ಗುಜರ್ ಕಾಕಾ ತನ್ನದೊಂದು ಕೀಲಿ ತಂದು ಹಾಕಿ, ಬೆಳಿಗ್ಗೆ ಅಜ್ಜ ಬರುವ ಮೊದಲು ತೆಗೆದಿಡುತ್ತಿದ್ದರು.

ಆ ಕೂಸೇ ಜಯಶ್ರೀ. ತಂದೆ ಬೇರೆ ಮದುವೆಯಾದರು, ಜಯಾ ನಮ್ಮಲ್ಲಿಯೇ ಬೆಳೆದಳು. ನಮ್ಮ ಓಣಿ ಕೆಟ್ಟ ಓಣಿಯಲ್ಲ. ಆದರೆ ಬಾಯಿ ಇದ್ದ ಓಣಿ. ಹುಟ್ಟುತ್ತಲೇ ತಾಯಿಯನ್ನು ನುಂಗಿದ ಕೂಸು ಎಂದು ಯಾರಾದರೂ ಅಂದರೆ ಸಾಕು, ಅಜ್ಜ ಅಂಗಳದಿಂದ ಗುಡುಗುತ್ತಿದ್ದ: "ಕೂಸಿಂದೇನೈತಿ? ಟ್ರಂಕಿಗೆ ಕೀಲಿ ಹಾಕಿತ್ತು. ಹಾಕಿದಾಂವ ನಾನು. ಅನ್ನೂದಿದ್ರ ನನಗ ಅನ್ರಿ." ಮದುವೆಯಲ್ಲಿ, ತೊಟ್ಟಿಲಲ್ಲಿ, ತಿಥಿಯಲ್ಲಿ, ಎಲ್ಲಿ ಮಾತು ಬಂದರೂ ಅಜ್ಜನದು ಇದೇ ಉತ್ತರ.

ನಾನು ನರ್ಸಿಂಗ್ ಕಲಿತು ಬಂದ ಹೊಸತರಲ್ಲಿ, ಎಲ್ಲ ಹೊಸ ಶಾಣ್ಯಾರಂತೆ, ಮನೆಯಲ್ಲಿ ಪಾಠ ಹೇಳಲು ಕುಳಿತೆ. ಟ್ರಂಕಿಗೂ ರಕ್ತಕ್ಕೂ ಸಂಬಂಧವಿಲ್ಲ, ಗರ್ಭಕೋಶ ಕುಗ್ಗದಿದ್ದರೆ ಹೀಗಾಗುತ್ತದೆ, ಇದೆಲ್ಲ ಮೂಢನಂಬಿಕೆ ಎಂದೆ. ಅಜ್ಜ ಸುಮ್ಮನೆ ಎದ್ದು ಹೋದ. ಜಯಾ ರೊಟ್ಟಿ ಬಡಿಯುತ್ತಿದ್ದವಳು ಬಡಿಯುವುದನ್ನು ನಿಲ್ಲಿಸಿದ್ದಳು. ಅಂದು ನನಗೆ ಅರ್ಥವಾಗಲಿಲ್ಲ. ಟ್ರಂಕನ್ನು ಅಲ್ಲಿಂದ ತೆಗೆದರೆ ತಪ್ಪು ಹೊರಲು ಆ ಜಾಗದಲ್ಲಿ ಉಳಿಯುವವಳು ಜಯಾ ಒಬ್ಬಳೇ ಎಂದು ತಿಳಿಯಲು ನನ್ನ ಕೂದಲು ಬೆಳ್ಳಗಾಗಬೇಕಾಯಿತು.

ಮಿರಜಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ನನ್ನ ದನಿ ದೊಡ್ಡದು. ಹೊಳೆಯ ಈ ದಂಡೆಯಿಂದ ಆ ದಂಡೆಗೆ ಮಾತಾಡಿ ಬೆಳೆದವರ ದನಿ. ಆ ದನಿಗೆ ಹೆದರಿಯೇ ಮಕ್ಕಳು ಹೊರಗೆ ಬರುತ್ತವೆ ಎಂದು ವಾರ್ಡಿನ ಹುಡುಗಿಯರು ತಮಾಷೆ ಮಾಡುತ್ತಿದ್ದರು. ಹೆರಿಗೆ ಎಂದರೆ ಎತ್ತರದ ಟೇಬಲ್ಲು, ಅದರ ಮೇಲೆ ಅಂಗಾತ ಮಲಗಿದ ಹೆಂಗಸು, ಡಾಕ್ಟರ್ ಹೇಳಿದ್ದನ್ನು ಕೊಡುವ ನಾವು. ಮನೆಯವರು ಹೊರಗೆ. ಅದು ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ಆಮೇಲೆ ಸರಕಾರ ಒಂದು ಹೊಸ ಹುದ್ದೆ ತಂದಿತು. ಸಹಜವಾಗಿ ನಡೆಯುವ ಹೆರಿಗೆಯನ್ನು ಮೊದಲಿನಿಂದ ಕೊನೆಯತನಕ ತನ್ನ ಜವಾಬ್ದಾರಿಯ ಮೇಲೆ ನೋಡಿಕೊಳ್ಳುವ ನರ್ಸ್. ಮಿಡ್‌ವೈಫ್ ಎನ್ನುವ ಇಂಗ್ಲಿಷ್ ಹೆಸರು ನಮ್ಮ ಮಂದಿಯ ನಾಲಿಗೆಗೆ ಹೊರಳಲಿಲ್ಲ. "ಸರಕಾರಿ ಸೂಲಗಿತ್ತಿ" ಎಂದು ಅವರೇ ಹೆಸರಿಟ್ಟರು. ಒಂದೂವರೆ ವರ್ಷದ ತರಬೇತಿ. ಹೋಗುತ್ತೇನೆ ಎಂದು ನಾನೇ ಕೈ ಎತ್ತಿದೆ. ಕನ್ನಡಕ ಏರಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತವಳನ್ನು ಹುಡುಗಿಯರು ಮೊದಲ ದಿನ ಮೇಡಂ ಎಂದು ತಿಳಿದು ಎದ್ದು ನಿಂತರು, ಎರಡನೆಯ ದಿನದಿಂದ ಕಾಕೂ ಎಂದರು.

ಅಲ್ಲಿ ಕಲಿತದ್ದರಲ್ಲಿ ಅರ್ಧ ಬಾಯಿ ಮುಚ್ಚಿಕೊಂಡು ಕಾಯುವುದು. ಬೇನೆ ತಿನ್ನುವವಳು ನಡೆದಾಡಲಿ, ಕುಕ್ಕರಗಾಲಲ್ಲಿ ಕೂರಲಿ, ತಾಯಿಯ ಕೊರಳಿಗೆ ಜೋತುಬೀಳಲಿ, ಒಂದು ಗುಟುಕು ಚಹಾ ಕುಡಿಯಲಿ. ನನಗೆ ಇದು ಕಷ್ಟದ ವಿದ್ಯೆಯಾಯಿತು. ಉಳಿದ ಅರ್ಧ ಅದಕ್ಕಿಂತ ಕಠಿಣ: ಎಲ್ಲಿಯತನಕ ಕಾಯಬೇಕು, ಎಲ್ಲಿ ಕಾಯಬಾರದು, ಯಾವಾಗ ಕೈ ಎತ್ತಿ ಡಾಕ್ಟರನ್ನು ಕರೆಯಬೇಕು. ಆ ಪಾಠ ಕೇಳುವಾಗಲೆಲ್ಲ ನನಗೆ ಬಾಗಿಲಲ್ಲಿ ಕೈ ಚಾಚಿ ನಿಂತ ಗಂಗವ್ವ ಕಾಣುತ್ತಿದ್ದಳು.

ತಿರುಗಿ ಬಂದಾಗ ನನಗೆ ಒಂದು ಖೋಲಿ ಕೊಟ್ಟರು. ಮೊದಲು ಹಾಸಿಗೆ, ಚಾದರ ಒಟ್ಟುತ್ತಿದ್ದ ಖೋಲಿ. ಸುಣ್ಣ ಹಚ್ಚಿಸಿ, ತಗ್ಗಿನ ಮಂಚ ಹಾಕಿಸಿ, ಹಿಡಿದು ಜೋತುಬೀಳಲು ಮೇಲಿನ ಕೊಂಡಿಯಿಂದ ಗಟ್ಟಿ ಬಟ್ಟೆಯ ಹಗ್ಗ ಇಳಿಬಿಟ್ಟು, ಮೇಲೆ ಕುಳಿತು ತೂಗಲು ಒಂದು ದೊಡ್ಡ ರಬ್ಬರ್ ಚೆಂಡು ತರಿಸಿದೆ. ಚೆಂಡು ನೋಡಿದ ಮುದುಕಿಯೊಬ್ಬಳು, "ಯವ್ವಾ, ಇದು ಹಡ್ಯು ಖೋಲಿನೋ ಬಾಲವಾಡಿನೋ?" ಎಂದು ಕೇಳಿದ್ದುಂಟು. ಖೋಲಿಯ ಹಿಂಬದಿ ಒಂದು ಬಾಗಿಲು. ಅದರಾಚೆ ಆಪರೇಷನ್ ಥಿಯೇಟರಿಗೆ ಹೋಗುವ ಓಣಿ, ಅಂದರೆ ಕಾರಿಡಾರು. ಖೋಲಿ ಒಪ್ಪಿಕೊಂಡದ್ದೇ ನಾನು ಆ ಬಾಗಿಲಿಗಾಗಿ. ಆದರೆ ಅದಕ್ಕೆ ಕೀಲಿ ಹಾಕಿತ್ತು. ಈಗ ನನ್ನ ಮೇಜಿನ ಮೇಲಿದೆಯಲ್ಲ, ಅದೇ ಇದು.

ಕೀಲಿಕೈ ಥಿಯೇಟರಿನ ಇನ್‌ಚಾರ್ಜ್ ಶಿಂದೆ ಸಿಸ್ಟರ್ ಹತ್ತಿರ. ಕವಲಾಪುರದ ಮರಾಠಿ ಹೆಣ್ಣುಮಗಳು. ಅಥಣಿ, ರಾಯಬಾಗ ಕಡೆಯ ರೋಗಿಗಳಿಂದ ಕನ್ನಡ ಕಲಿತಿದ್ದರು, ಅದನ್ನು ನನ್ನ ಜೊತೆ ಜಗಳಕ್ಕೆ ಮಾತ್ರ ಬಳಸುತ್ತಿದ್ದರು. ಹಿಂದೊಮ್ಮೆ ಯಾರದೋ ಸಂಬಂಧಿಕರು ಚಪ್ಪಲಿ ಸಹಿತ, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಆ ಬಾಗಿಲಿನಿಂದ ಥಿಯೇಟರ್ ಹೊಕ್ಕಿದ್ದರಂತೆ. ಅಂದಿನಿಂದ ಕೀಲಿ. ಅವರ ಮಾತಿನಲ್ಲೂ ನ್ಯಾಯವಿತ್ತು. "ಆರ್ಡರ್ ತೊಗೊಂಡ ಬರ್ರಿ, ತಗೀತೇನಿ," ಎನ್ನುತ್ತಿದ್ದರು. ನಾನು ಅರ್ಜಿ ಕೊಟ್ಟೆ. ಮತ್ತೆ ಕೊಟ್ಟೆ. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು, ನಾನೂ ಅದರ ಹಿಂದೆ ಹೋದೆ. ನಮ್ಮ ಡಾಕ್ಟರ್ ಮ್ಯಾಡಂ ಒಳ್ಳೆಯವರು, ಆದರೆ ಈ ಹೊಸ ಪದ್ಧತಿಯ ಮೇಲೆ ಅವರಿಗೆ ವಿಶ್ವಾಸ ಕಡಿಮೆ. ಅವರು ಒಂದು ದಿನ ಶಾಂತವಾಗಿ ಕೇಳಿದರು: ನಿಮ್ಮ ಖೋಲಿಯಲ್ಲಿ ಎಲ್ಲ ಸಹಜ ಹೆರಿಗೆಗಳೇ ಆದರೆ ನಿಮಗೆ ಆ ಬಾಗಿಲು ಯಾಕೆ ಬೇಕು? ಆ ಬಾಗಿಲು ಬೇಕಾಗುತ್ತದೆ ಎನ್ನುವುದಾದರೆ ಆ ಖೋಲಿ ಯಾಕೆ ಬೇಕು? ನನ್ನ ಹತ್ತಿರ ಉತ್ತರ ಇತ್ತು. ಆದರೆ ಅದು ಸಾಂಗ್ಲಿವಾಡಿಯಿಂದ ಸುರುವಾಗುವ ಉತ್ತರ, ಅವರಿಗೆ ಓಪಿಡಿಗೆ ಹೊತ್ತಾಗಿತ್ತು.

ಇಷ್ಟರಲ್ಲಿ ಜಯಾಳ ಮಗಳು ಪ್ರಾಜಕ್ತಾ ಬಸಿರಾಗಿ ತವರಿಗೆ ಬಂದಳು. ಈ ಹುಡುಗಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಆಡುವುದು ಮಾತ್ರ ಮರಾಠಿ. ನನ್ನ ಖೋಲಿಗೆ ಬಂದು, ಚೆಂಡಿನ ಮೇಲೆ ಕುಳಿತು, ತೂಗಿ ನೋಡಿ, ಇಲ್ಲಿಯೇ ಹಡೆಯುತ್ತೇನೆ ಎಂದು ಹಟ ಹಿಡಿದಳು. ಅವಳ ಅವ್ವನಿಗೆ ಬೇರೆ ಯೋಚನೆ. ದೊಡ್ಡ ಖಾಸಗಿ ದವಾಖಾನೆ, ಮೊದಲೇ ಗೊತ್ತು ಮಾಡಿದ ದಿನ, ಸಿಝರ್ ಆಪರೇಷನ್. ಒಂದು ಮಧ್ಯಾಹ್ನ ಜಯಾ ನನ್ನ ಮನೆಗೆ ಬಂದು, ಚಹಾ ಮುಟ್ಟದೆ ಕುಳಿತಳು.

"ಅಕ್ಕಾ, ನೀ ಸಿಟ್ಟಾಗಬ್ಯಾಡ," ಎಂದಳು. "ಗಂಗವ್ವನ ಕೈಯಾಗ ನಮ್ಮವ್ವ ಹ್ವಾದ್ಲು. ನಾ ತಿರುಗಿ ನನ್ನ ಮಗಳನ್ನ ಸೂಲಗಿತ್ತಿ ಕೈಯಾಗ ಹ್ಯಾಂಗ ಕೊಡ್ಲಿ?"

ನನಗೆ ಸಿಟ್ಟು ಬರಲಿಲ್ಲ. ಎದೆಗೆ ಮಾತ್ರ ತಾಗಿತು. "ಗಂಗವ್ವನ ಹಿಂದ ಯಾರೂ ಇರಲಿಲ್ಲ ಜಯಾ. ಅಕಿ ಯಾರನ್ನ ಕರೀಬೇಕಿತ್ತು? ನನ್ನ ಹಿಂದ ಡಾಕ್ಟರ್ ಅದಾರ, ಥಿಯೇಟರ್ ಐತಿ. ನಡುವ ಒಂದ ಬಾಗಲಾ."

"ತೋರ್ಸು."

ಮರುದಿನ ಕರೆದುಕೊಂಡು ಹೋದೆ. ಮಂಚ ನೋಡಿದಳು, ಹಗ್ಗ ಜಗ್ಗಿ ನೋಡಿದಳು, ಔಷಧದ ಕಪಾಟು ನೋಡಿದಳು. ಆಮೇಲೆ ಹಿಂಬಾಗಿಲಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಕೈ ಎತ್ತಿ ಆ ಕೀಲಿಯನ್ನು ಮುಟ್ಟಿದಳು.

"ಅಕ್ಕಾ, ಇದಕ್ಕ ಕೀಲಿ ಹಾಕೇತಲ್ಲ."

ಇಷ್ಟು ವರ್ಷ ಕಲಿತು, ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆದು, ಹೆಸರಿನ ಫಲಕ ಹಾಕಿಸಿಕೊಂಡು, ಕೊನೆಗೆ ನಾನು ಜಯಾಳಿಗೆ ತೋರಿಸಿದ್ದು ಮತ್ತೊಂದು ಕೀಲಿ ಹಾಕಿದ ಟ್ರಂಕು. "ಇದನ್ನ ತಗಿಸು. ಆಮ್ಯಾಲ ನೋಡೋಣ," ಎಂದು ಅವಳು ಹೊರಟುಹೋದಳು. ಅಂದು ಮತ್ತೊಂದು ಅರ್ಜಿ ಬರೆದೆ.

ಬಸಿರು ಬೇನೆಗಳು ಯಾರ ಆರ್ಡರಿಗೂ ಕಾಯುವುದಿಲ್ಲ. ಜಯಾ ಗೊತ್ತು ಮಾಡಿದ ದಿನ ಬರುವ ಮೊದಲೇ, ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದ ಪ್ರಾಜಕ್ತಾಗೆ ಬೇನೆ ಎದ್ದಿತು. ಅವಳು ರಿಕ್ಷಾ ಹತ್ತಿ ನೆಟ್ಟಗೆ ನಮ್ಮ ಆಸ್ಪತ್ರೆಯ ಹೆಸರು ಹೇಳಿದಳಂತೆ. ಜಯಾ ಹಿಂದಿನ ರಿಕ್ಷಾದಲ್ಲಿ ಬಂದಳು. ಅಷ್ಟು ಗಡಿಬಿಡಿಯಲ್ಲೂ ಮನೆಯ ಕೀಲಿಗಳನ್ನೆಲ್ಲ ತೆಗೆದು, ಡಬ್ಬಿಗಳನ್ನೆಲ್ಲ ತೆರೆದಿಟ್ಟು, ತುರುಬು ಬಿಚ್ಚಿಕೊಂಡು ಬಂದಿದ್ದಳು. ಗಂಡನಿಗೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ ಬಂದಿದ್ದಳು, ಕಾಯಲು. ಮ್ಯಾಡಂ ಪ್ರಾಜಕ್ತಾಳನ್ನು ತಪಾಸಿಸಿ, ಎಲ್ಲ ಸರಿಯಾಗಿದೆ, ಸಹಜ ಹೆರಿಗೆಗೆ ಏನೂ ಅಡ್ಡಿಯಿಲ್ಲ, ನಿಮ್ಮ ಖೋಲಿಗೆ ಕರೆದೊಯ್ಯಿರಿ ಎಂದರು. ಹುಡುಗಿ ನನ್ನ ಕೈ ಹಿಡಿದು, "ಮಾವಶಿ, ಭೀತಿ ವಾಟತೆ," ಎಂದಳು. ನನಗೂ ಹೆದರಿಕೆ ಇತ್ತು. ಅವಳು ನನ್ನನ್ನು ಮಾವಶಿ ಎಂದದ್ದೇ ನನಗೆ ಹೆದರಿಕೆ ಹುಟ್ಟಿಸಿತ್ತು.

ಜಯಾ ಖೋಲಿಯೊಳಗೆ ಬರಲಿಲ್ಲ. ಬಾಗಿಲಿನಿಂದಲೇ ಹಿಂಬಾಗಿಲಿನತ್ತ ಒಮ್ಮೆ ನೋಡಿ, ತಿರುಗಿ ಥಿಯೇಟರಿನ ಕಡೆಗೆ ನಡೆದಳು. ನಾನು ಹಿಂದೆ ಓಡಿದೆ. ಶಿಂದೆ ಸಿಸ್ಟರ್ ಮೇಜಿನ ಮುಂದೆ ಹತ್ತಿ ಸುತ್ತುತ್ತಾ ಕುಳಿತಿದ್ದರು. ಈಗ ಒಂದು ದೊಡ್ಡ ಜಗಳ ಆಗುತ್ತದೆ ಎಂದುಕೊಂಡೆ. ಬಿಚ್ಚಿದ ಕೂದಲಲ್ಲಿ ಜಯಾ ಅವರ ಮುಂದೆ ನಿಂತಳು.

"ಸಿಸ್ಟರ್ ಬಾಯಿ, ನನ್ನ ಮಗಳಿಗೆ ಬ್ಯಾನಿ ಸುರು ಆಗ್ಯಾವ. ಆ ಬಾಗಲಾದ ಕೀಲಿ ತಗೀರಿ."

ಇಷ್ಟೇ ಅಂದಳು. ಶಿಂದೆ ಸಿಸ್ಟರ್ ಅವಳ ಬಿಚ್ಚಿದ ಕೂದಲು ನೋಡಿದರು. ಆರ್ಡರ್ ಎನ್ನಲಿಲ್ಲ, ನಿಯಮ ಎನ್ನಲಿಲ್ಲ. ಹತ್ತಿ ಕೆಳಗಿಟ್ಟು ಎದ್ದರು. ಹೋಗುತ್ತಾ ಹೋಗುತ್ತಾ ತಮ್ಮ ಕ್ಯಾಪ್ ಒಳಗಿನ ತುರುಬಿನ ಪಿನ್ನು ಎಳೆದು ತೆಗೆದು ಜೇಬಿಗೆ ಹಾಕಿಕೊಂಡರು. ಕೀಲಿ ತುಕ್ಕು ಹಿಡಿದಿತ್ತು. ಎರಡೂ ಕೈಯಿಂದ ತಿರುವಿ ತೆಗೆದು, ಬಾಗಿಲನ್ನು ಗೋಡೆಯತನಕ ದೂಡಿ, ಮುಚ್ಚಿಕೊಳ್ಳದಂತೆ ಕೆಳಗೆ ಒಂದು ಇಟ್ಟಿಗೆ ಇಟ್ಟರು. ನಮ್ಮ ಭಾಗದಲ್ಲಿ ಹಡೆಯುವವಳಿಗಾಗಿ ಕೀಲಿ ತೆಗೆಯಿರಿ ಎಂದು ಕೇಳಿದರೆ ಇಲ್ಲ ಎನ್ನುವ ಹೆಂಗಸು ಇನ್ನೂ ಹುಟ್ಟಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ಆಫೀಸಿನ ಭಾಷೆಯಲ್ಲಿ ಕೇಳುತ್ತಿದ್ದೆ, ಅವರು ಆಫೀಸಿನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು.

ಪ್ರಾಜಕ್ತಾ ನಡೆದಾಡಿದಳು, ಚೆಂಡಿನ ಮೇಲೆ ತೂಗಿದಳು, ಚೆಂಡನ್ನು ಒದ್ದಳು, ಅವ್ವನನ್ನು ಬೈದಳು, ಅಲ್ಲಿಲ್ಲದ ಗಂಡನನ್ನು ಬೈದಳು, ನನ್ನನ್ನೂ ಬಿಡಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಸೊಂಟ ಒತ್ತುತ್ತಿದ್ದೆ, ಕೂಸಿನ ಎದೆಬಡಿತ ಕೇಳುತ್ತಿದ್ದೆ. ಜಯಾ ಮಗಳ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಮಧ್ಯಾಹ್ನ ಊಟದ ಗಾಡಿ ಓಣಿಯಲ್ಲಿ ಸದ್ದು ಮಾಡುತ್ತಾ ಹೋಗುವ ಹೊತ್ತಿಗೆ, ಪ್ರಾಜಕ್ತಾ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕುಳಿತಿರುವಾಗ, ಕೂಸು ನನ್ನ ಕೈಗೆ ಬಂತು. ಹೆಣ್ಣು. ಅತ್ತಿತು. ತಾಯಿಯ ಎದೆಯ ಮೇಲೆ ಹಾಕಿದೆ. ಆಗ ಕೊಡಬೇಕಾದ ಸೂಜಿ ಕೊಟ್ಟೆ. ಮಾಸು ಬಿತ್ತು. ಅದನ್ನು ಬಟ್ಟಲಿನಲ್ಲಿ ಹರಡಿ ನೋಡಿದೆ. ಒಂದು ಅಂಚು ಹರಿದಿತ್ತು. ಒಂದು ತುಂಡು ಒಳಗೇ ಉಳಿದಿತ್ತು. ನೋಡುತ್ತಿದ್ದಂತೆ ರಕ್ತ ಸುರುವಾಯಿತು.

ಜಯಾ ನೋಡಿದಳು. ಅವಳು ಅದನ್ನು ಹಿಂದೆ ಕಂಡವಳಲ್ಲ, ಆದರೆ ಜನ್ಮವೆಲ್ಲ ಕೇಳಿದವಳು. ನನ್ನ ಕೈಗಳು ತಮ್ಮ ಕೆಲಸ ಮಾಡುತ್ತಿದ್ದವು: ಹೊಟ್ಟೆಯ ಮೇಲಿನಿಂದ ಗರ್ಭಕೋಶ ನೀವುವುದು, ಇನ್ನೊಂದು ಔಷಧ, ಸಲೈನು. ಇಲ್ಲಿಯತನಕ ನನ್ನದು. ಇಲ್ಲಿಂದ ಮುಂದೆ ನನ್ನದಲ್ಲ. ಗಂಗವ್ವ ಬಂದು ನಿಂತ ಜಾಗಕ್ಕೆ ನಾನೂ ಬಂದಿದ್ದೆ. ಒಂದೂವರೆ ವರ್ಷದ ತರಬೇತಿಯಲ್ಲಿ ತಗ್ಗಿಸಲು ಕಲಿತಿದ್ದ ದನಿಯನ್ನು ಬಿಟ್ಟೆ.

"ಮ್ಯಾಡಂ!"

ತೆರೆದ ಬಾಗಿಲಿನಿಂದ ಆ ದನಿ ಥಿಯೇಟರಿನ ಕೊನೆಯ ಗೋಡೆಯತನಕ ಹೋಗಿರಬೇಕು. ಮ್ಯಾಡಂ ಕೈಗವಸು ಏರಿಸುತ್ತಲೇ ಬಂದರು, ಹಿಂದೆ ಶಿಂದೆ ಸಿಸ್ಟರ್ ಗಾಡಿ ದೂಡಿಕೊಂಡು. ನಾನು ಏನಾಗಿದೆ, ಏನು ಕೊಟ್ಟಿದ್ದೇನೆ ಎಂದು ಹೇಳುತ್ತಿರುವಾಗಲೇ ಪ್ರಾಜಕ್ತಾಳನ್ನು ಗಾಡಿಯ ಮೇಲೆ ಹಾಕಿ ಆ ಬಾಗಿಲಿನಿಂದ ಒಯ್ದರು. ಮುಂಬಾಗಿಲಿನಿಂದ ಹೊರಟು, ಓಣಿ ದಾಟಿ, ಓಪಿಡಿ ಮಂದಿಯ ನಡುವೆ ನುಸುಳಿ, ಸುತ್ತು ಹಾಕಿ ಒಯ್ಯಬೇಕಿರಲಿ‍ಲ್ಲ. ಜಯಾ ಮೊಮ್ಮಗಳನ್ನು ಎತ್ತಿಕೊಂಡು ಹೊಸ್ತಿಲ ಈಚೆ ನಿಂತಳು. ಅವಳ ಕಣ್ಣು ಆ ಬಾಗಿಲ ಮೇಲಿಂದ ಸರಿಯಲಿಲ್ಲ. ನಾನು ಅವಳ ಪಕ್ಕದಲ್ಲಿ ನಿಂತೆ. ನನಗೆ ದೇವರ ಹೆಸರು ಯಾವುದೂ ನೆನಪಾಗಲಿಲ್ಲ. ಸರೋಜಾ ಮಾವಶಿಯ ಹೆಸರನ್ನೇ ಹೇಳಿಕೊಳ್ಳುತ್ತಾ ನಿಂತಿದ್ದೆ.

ಉಳಿದ ತುಂಡು ತೆಗೆದರು, ರಕ್ತ ನಿಂತಿತು. ಮ್ಯಾಡಂ ಅದೇ ಬಾಗಿಲಿನಿಂದ ಹೊರಗೆ ಬಂದು, ಗೋಡೆಗೆ ಒರಗಿ, ಕೈಗವಸು ತೆಗೆದರು. "ಹೊತ್ತಿಗೆ ಸರಿಯಾಗಿ ಕರೆದಿರಿ," ಎಂದರು. ಆಮೇಲೆ ಕೆಳಗಿದ್ದ ಇಟ್ಟಿಗೆ ನೋಡಿ, ಅದನ್ನು ಕಾಲಿನಿಂದ ಇನ್ನಷ್ಟು ಒಳಗೆ ಸರಿಸಿ ಗಟ್ಟಿ ಮಾಡಿ ಹೋದರು. ಬಾಗಿಲು ಯಾಕೆ, ಖೋಲಿ ಯಾಕೆ ಎನ್ನುವ ಪ್ರಶ್ನೆ ಆಮೇಲೆ ನಮ್ಮಿಬ್ಬರ ನಡುವೆ ಬರಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ದನಿ ದೊಡ್ಡದಲ್ಲವೇ, ನಲ್ಲಿಯ ಸದ್ದು ಸಾಲಲಿಲ್ಲವಂತೆ; ವಾರ್ಡಿನ ಹುಡುಗಿಯರು ಇಂದಿಗೂ ಕಾಡಿಸುತ್ತಾರೆ.

ಮರುದಿನ ಶಿಂದೆ ಸಿಸ್ಟರ್ ನನ್ನ ಮೇಜಿನ ಮೇಲೆ ಈ ಕೀಲಿಯನ್ನು ಧಡ್ ಎಂದು ಇಟ್ಟರು. ತಿರುಗಿ ಹಾಕುವುದಿಲ್ಲವೇ ಎಂದು ಕೇಳಿದೆ.

"ಇಲ್ಲೆ ದಿನಾ ಯಾರರೆ ಹಡೀತಿರತಾರ," ಎಂದರು. "ಹಾಕೂದು ಯಾವಾಗ?" ಹೋಗುತ್ತಾ ತಿರುಗಿ, "ಚಾವಿ ನನ್ನ ಹಂತೇಕ ಇರತೇತಿ. ಎರಡೂ ನಿಮ್ಮ ಕೈಯಾಗ ಕೊಡಂಗಿಲ್ಲ," ಎಂದರು. ಆ ಬಾಗಿಲಿನ ಆಚೆ ಈಗ ನೆಲದ ಮೇಲೆ ಒಂದು ಕೆಂಪು ಗೆರೆ ಎಳೆಸಿದ್ದಾರೆ. ಚಪ್ಪಲಿ ಹಾಕಿಕೊಂಡು ಅದನ್ನು ದಾಟಿದರೆ ಅವರ ಕನ್ನಡ ಕೇಳಬೇಕು. ಆರ್ಡರ್ ಮಾತ್ರ ಇನ್ನೂ ಬಂದಿಲ್ಲ.

ಪ್ರಾಜಕ್ತಾ ಮನೆಗೆ ಹೊರಟ ದಿನ ಜಯಾ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಲ್ಲರಿಗೂ ಪೇಢೆ ಹಂಚಿ, ಕೊನೆಗೆ ನನ್ನ ಖೋಲಿಗೆ ಬಂದಳು. ಖೋಲಿ ಖಾಲಿ ಇತ್ತು. ಅವಳು ಹಿಂಬಾಗಿಲಿನ ಹತ್ತಿರ ಹೋಗಿ ಅಂಗೈಯಿಂದ ಅದನ್ನು ಸ್ವಲ್ಪ ದೂಡಿದಳು. ಅದು ಇದ್ದಲ್ಲಿಯೇ, ಗೋಡೆಗೆ ಆನಿಕೊಂಡು ನಿಂತಿತ್ತು.

"ಪ್ರಾಜೂಗ ಆದದ್ದು ನಮ್ಮವ್ವಗ ಆದದ್ದ, ಹೌದಲ್ಲ?" ಎಂದು ಕೇಳಿದಳು.

"ಅಂಥಾದ್ದ ಇರಬೇಕು."

"ನಮ್ಮವ್ವಗ ಇಂಥಾ ಬಾಗಲಾ ಒಂದ ಇದ್ದಿದ್ರ ಉಳೀತಿದ್ಲು."

"ಉಳೀತಿದ್ಲು ಜಯಾ."

ಅವಳು ಕೂಸಿನ ಟೊಪ್ಪಿಗೆ ಸರಿಮಾಡಿದಳು. ಬಿಚ್ಚಿ ಮತ್ತೆ ಕಟ್ಟಿದಳು. "ಹಂಗಾದ್ರ ಅಜ್ಜನ ಟ್ರಂಕಿಂದು ಏನೂ ತಪ್ಪ ಇರಲಿಲ್ಲ."

"ಇರಲಿಲ್ಲ."

ಜಯಾ ಈಗ ಅಜ್ಜಿ. ಕಿವಿಯ ಮೇಲಿನ ಕೂದಲು ನನ್ನದರಂತೆಯೇ ಬೆಳ್ಳಗಾಗಿದೆ. ನನ್ನ ಕಡೆ ನೋಡದೆ, ಬಾಗಿಲಿನ ಕಡೆಗೇ ನೋಡುತ್ತಾ ಕೇಳಿದಳು.

"ನಂದೂ ಇರಲಿಲ್ಲ, ಅಕ್ಕಾ?"